ನೀರು ಚೆಲ್ಲಿದರೆ ಸಾಲದು, ಒಳಬದಿಯನ್ನೂ ಉಜ್ಜಿ

ಡೆಂಗಿ ತಡೆಯಲು ನಿಂತ ನೀರನ್ನು ಚೆಲ್ಲಬೇಕೆಂಬುದು ಎಲ್ಲರಿಗೂ ತಿಳಿದಿದೆ. ಆದರೆ ಚೆಲ್ಲಿದ ಮೇಲೆ ಪಾತ್ರೆಯ ಒಳಬದಿಯನ್ನು ಉಜ್ಜಿ ತೊಳೆಯುವವರು ಕಡಿಮೆ. ಡೆಂಗಿ ಹರಡುವ ಈಡಿಸ್ ಸೊಳ್ಳೆಯು ನೀರಿನ ಮಟ್ಟಕ್ಕಿಂತ ತುಸು ಮೇಲೆ, ಒದ್ದೆಯಾದ ಬದಿಗೆ ಅಂಟಿಕೊಳ್ಳುವಂತೆ ಮೊಟ್ಟೆಯಿಡುತ್ತದೆ. ಸಾಸಿವೆಗಿಂತಲೂ ಚಿಕ್ಕದಾದ ಆ ಕಪ್ಪು ಚುಕ್ಕೆಗಳು ಒಣಗಿದರೂ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಮತ್ತೆ ನೀರು ತುಂಬಿದಾಗ ಒಡೆದು ಮರಿಯಾಗುತ್ತವೆ. ಮೊಟ್ಟೆಯೊಡೆದು ಹಾರುವ ಸೊಳ್ಳೆಯಾಗಲು ಸುಮಾರು 7ರಿಂದ 10 ದಿನ ಸಾಕಾಗುವುದರಿಂದ, ಡ್ರಮ್ಮು, ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂದಿನ ತಟ್ಟೆ (ಇದನ್ನು ನಾನೂ ಬಹುಕಾಲ ಮರೆತಿದ್ದೆ) ಇವುಗಳನ್ನು ವಾರಕ್ಕೊಮ್ಮೆ ಗಟ್ಟಿ ಬ್ರಷ್ಷಿನಿಂದ ಉಜ್ಜಿ ಒಣಗಿಸಬೇಕು. ಈ ಸೊಳ್ಳೆ ಹೆಚ್ಚಾಗಿ ಹಗಲಿನಲ್ಲೇ ಕಚ್ಚುವುದರಿಂದ ರಾತ್ರಿಯ ಪರದೆಯೊಂದನ್ನೇ ನಂಬಬೇಡಿ. ಜ್ವರ ಬಂದರೆ ವೈದ್ಯರನ್ನು ಕೇಳದೆ ಆಸ್ಪಿರಿನ್ ಅಥವಾ ಐಬುಪ್ರೊಫೆನ್ ನುಂಗಬೇಡಿ. ಡೆಂಗಿಯಾಗಿದ್ದರೆ ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ.