ಬಹುಮಹಡಿ ಶಾಲೆ: ಮೆಟ್ಟಿಲು, ಸರಿಯುವ ಗೋಡೆ, ಸ್ಟೋರ್ ರೂಮ್

ಸಿಡ್ನಿಯಲ್ಲಿ ಒಂದು ಬಹುಮಹಡಿ ಸರ್ಕಾರಿ ಹೈಸ್ಕೂಲ್ ವಿನ್ಯಾಸ ಮಾಡಿದ ತಂಡದಲ್ಲಿ ನಾನೂ ಇದ್ದೆ. ಆ ಊರಿಗೆ ಇಂಥ ಶಾಲೆ ಹೊಸದೇನಲ್ಲ. ಸಿಡ್ನಿಯದೇ ಭಾಗವಾದ ಪ್ಯಾರಮಟ್ಟಾದ ಆರ್ಥರ್ ಫಿಲಿಪ್ ಹೈಸ್ಕೂಲಿಗೆ 17 ಮಹಡಿ, 2,000 ಮಕ್ಕಳಿಗಾಗಿ ಕಟ್ಟಿದ್ದು. ಪೇಟೆ ಮಧ್ಯೆ ಜಾಗ ಸಿಗುವುದಿಲ್ಲ, ಮೇಲಕ್ಕೇ ಹೋಗಬೇಕು.

ಮೀಟಿಂಗ್‌ಗಳಲ್ಲಿ ‘ಭವಿಷ್ಯದ ಕಲಿಕೆ’ ಅಂತ ಬಹಳ ಮಾತು ನಡೆಯುತ್ತದೆ. ನನ್ನ ಮಟ್ಟಿಗೆ ಕೆಲಸ ಶುರುವಾಗಿದ್ದು ಶಾಲೆಯ ಬೆಲ್‌ನಿಂದ. ಆಫೀಸಿಗೆ ಜನ ಬಿಡಿಬಿಡಿಯಾಗಿ ಬರುತ್ತಾರೆ, ಲಿಫ್ಟ್ ಸಾಕು. ಶಾಲೆಯಲ್ಲಿ ಬೆಲ್ ಹೊಡೆದ ಕೂಡಲೇ ಎಲ್ಲರೂ ಒಟ್ಟಿಗೆ ಎದ್ದು ಹೊರಡುತ್ತಾರೆ. ಎಷ್ಟು ಲಿಫ್ಟ್ ಹಾಕಿದರೂ ಸಾಲದು. ಅದಕ್ಕೆ ಶಾಲೆಯನ್ನೇ ಭಾಗ ಮಾಡಿದೆವು. ಎರಡು ಮೂರು ಮಹಡಿ ಸೇರಿ ಒಂದು ಪುಟ್ಟ ಶಾಲೆ. ಲಾಕರ್, ಸ್ಟಾಫ್ ರೂಮ್, ಗಾಳಿ ಬಿಸಿಲು ಬರುವ ಜಗಲಿ ಎಲ್ಲ ಅಲ್ಲೇ. ನಡುವೆ ತೆರೆದ ಮೆಟ್ಟಿಲು, ಕೂತು ಹರಟೆ ಹೊಡೆಯುವಷ್ಟು ಅಗಲ. ಆದರೆ ಬೆಂಕಿ ಬಿದ್ದರೆ ಹೊಗೆ ಏರುವುದೂ ಅಲ್ಲಿಂದಲೇ ಅಲ್ವಾ? ಹಾಗಾಗಿ ಅಂಥ ಮೆಟ್ಟಿಲು ಕೆಲವೇ ಮಹಡಿಗಳನ್ನು ಜೋಡಿಸಬಹುದು. ಬೆಂಕಿ ಬಿದ್ದಾಗ ಇಳಿಯುವ ಮೆಟ್ಟಿಲು ಬೇರೆ, ಸುತ್ತ ಗೋಡೆ ಹಾಕಿ ಮುಚ್ಚಿದ್ದು. ಪುಟ್ಟ ಶಾಲೆಗಳ ಗಾತ್ರವನ್ನು ಅರ್ಧಕ್ಕರ್ಧ ನಿರ್ಧರಿಸಿದ್ದು ಅಗ್ನಿ ನಿಯಮ, ಶಿಕ್ಷಣ ತತ್ವ ಅಲ್ಲ.

ಇನ್ನು ಸರಿಯುವ ಗೋಡೆ. ಎರಡು ಕ್ಲಾಸ್ ಒಂದಾಗಲಿ ಅಂತ ಎಲ್ಲರೂ ಕೇಳುತ್ತಾರೆ. ಸದ್ದು ತಡೆಯಬೇಕಾದರೆ ಗೋಡೆ ಭಾರ ಇರಬೇಕು. ಆ ಭಾರವೆಲ್ಲ ಮೇಲಿನ ತೊಲೆಗೆ ನೇತಾಡುತ್ತದೆ. ತೊಲೆ ಕೆಲವು ಮಿಲಿಮೀಟರ್ ಬಾಗಿದರೂ ಗೋಡೆಯ ಅಡಿ ನೆಲಕ್ಕೆ ಉಜ್ಜುತ್ತದೆ. ಒಂದೆರಡು ಸಲ ಎಳೆದು ಸುಸ್ತಾದ ಟೀಚರ್ ಮತ್ತೆ ಅದನ್ನು ಮುಟ್ಟುವುದಿಲ್ಲ. ಸ್ಟ್ರಕ್ಚರಲ್ ಎಂಜಿನಿಯರ್ ಜೊತೆ ಜಗಳವಾಡಿ ಆ ತೊಲೆಗಳನ್ನು ಗಟ್ಟಿ ಮಾಡಿಸಿಕೊಂಡೆ. ಫಾಲ್ಸ್ ಸೀಲಿಂಗ್ ಮೇಲಿನ ಸಂದನ್ನೂ ಮುಚ್ಚಿಸಿದೆ, ಇಲ್ಲದಿದ್ದರೆ ಪಕ್ಕದ ಪಾಠವೆಲ್ಲ ಅಲ್ಲಿಂದ ಕೇಳಿಸುತ್ತದೆ. ಇಂಥ ಗೋಡೆ ಎಲ್ಲ ಕಡೆ ಬೇಡ. ನಿಜವಾಗಲೂ ಬಳಸುವ ಕಡೆ ಮಾತ್ರ ಹಾಕಿ, ಉಳಿದೆಡೆ ಗಾಜಿನ ಜಾರುಬಾಗಿಲು ಸಾಕು.

ಲ್ಯಾಬ್‌ಗಳು ಒಂದರ ಮೇಲೊಂದು ಬರಲಿ. ನೀರು, ಗ್ಯಾಸ್, ಹೊಗೆ ಕೊಳವೆ ನೇರ ಹೋಗುತ್ತವೆ. ಉಳಿದ ಕೋಣೆಗಳ ನಡುಗೋಡೆಯಲ್ಲಿ ವೈರು, ಪೈಪು ಇಡಬೇಡಿ. ಮುಂದೆ ಗೋಡೆ ಒಡೆಯುವವರಿಗೆ ಸುಲಭ.

ಕೊನೆಗೊಂದು ಮಾತು, ಸ್ಟೋರ್ ರೂಮ್. ಮಡಚುವ ಮೇಜು, ಚಕ್ರದ ಕುರ್ಚಿ ಅಂತ ಚೆಂದದ ಚಿತ್ರ ತೋರಿಸುತ್ತೇವೆ. ಮಡಚಿದ ಮೇಲೆ ಅವನ್ನು ಇಡುವುದೆಲ್ಲಿ? ಪ್ರತಿ ಮಹಡಿಯಲ್ಲೂ ಜಾಗ ಬರೆದಿಟ್ಟು ಹಟ ಹಿಡಿಯಿರಿ. ಖರ್ಚು ಕಡಿಮೆ ಮಾಡುವ ಮೀಟಿಂಗ್‌ನಲ್ಲಿ ಮೊದಲು ಕತ್ತರಿ ಬೀಳುವುದು ಅದಕ್ಕೇ.