ಬಿಸಿಲೂರಿನ ಅಂಗಳದಲ್ಲಿ ವರ್ಷವಿಡೀ ಹೂವು

ರಾಯಚೂರು, ಬಳ್ಳಾರಿ, ಕೊಪ್ಪಳದ ಕಡೆ ಮನೆತೋಟ ಮಾಡಬೇಕೆಂದು ಹೊರಟವರು ಸಾಮಾನ್ಯವಾಗಿ ಮೊದಲ ಮಳೆ ಬಿದ್ದ ಮರುದಿನವೇ ನರ್ಸರಿಗೆ ಹೋಗುತ್ತಾರೆ. ಮಿರಗದ (ಮೃಗಶಿರಾ) ಮಳೆಗೆ ತಂದ ಹತ್ತು ಗಿಡಗಳಲ್ಲಿ ಯುಗಾದಿಯ ಹೊತ್ತಿಗೆ ನಾಲ್ಕು ಉಳಿದಿರುತ್ತವೆ, ಮೇ ತಿಂಗಳು ಮುಗಿಯುವಾಗ ಎರಡು. ಆ ಎರಡು ಯಾವುವೆಂದು ನೋಡಿದರೆ ಒಂದು ಕಾಗದದ ಹೂವಿನ ಗಿಡ, ಇನ್ನೊಂದು ಕಣಗಿಲ ಆಗಿರುವುದೇ ಹೆಚ್ಚು. ವರ್ಷಕ್ಕೆ 500ರಿಂದ 650 ಮಿಲಿಮೀಟರ್ ಮಳೆಯಾಗುವ, ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲದ ಈ ಸೀಮೆಯಲ್ಲಿ ತೋಟದ ಹಂಚಿಕೆಯನ್ನು ಮೇ ತಿಂಗಳಿಗೆ ಹೊಂದುವಂತೆ ಮಾಡಿಕೊಂಡರೆ ಉಳಿದ ಹನ್ನೊಂದು ತಿಂಗಳು ತಾವಾಗಿಯೇ ಸರಿಹೋಗುತ್ತವೆ ಎಂಬುದು ಇಪ್ಪತ್ತು ವರ್ಷ ರಾಯಚೂರಿನ ಅಂಗಳದಲ್ಲಿ ಗಿಡ ಕೊಂದು, ಗಿಡ ಬೆಳೆಸಿ ನಾನು ಕಂಡುಕೊಂಡ ಸಂಗತಿ. ಹೊಸಬರು ಮಹಾನವಮಿಯ ಹೊತ್ತಿಗೆ ಆರಂಭಿಸುವುದು ಒಳ್ಳೆಯದು. ಮುಂದೆ ನಾಲ್ಕು ತಂಪಾದ ತಿಂಗಳುಗಳಿರುತ್ತವೆ. ಹೂವೂ ಬೇಗ ಕಣ್ಣಿಗೆ ಬೀಳುತ್ತದೆ, ಬೇಸಿಗೆಯ ತಯಾರಿಗೂ ಸಮಯ ಸಿಗುತ್ತದೆ.

ನೆರಳಿನ ಗೆರೆ ಎಳೆಯುವುದು

ಕುಂಡ, ಮಣ್ಣು, ಗಿಡ ಯಾವುದನ್ನೂ ಕೊಳ್ಳುವ ಮೊದಲು ಅಂಗಳದಲ್ಲಿ ನೆರಳು ಎಲ್ಲಿ ಬೀಳುತ್ತದೆ ಎಂಬುದನ್ನು ಗುರುತಿಸಿಕೊಳ್ಳಬೇಕು. ರಜೆಯ ದಿನ ಬೆಳಿಗ್ಗೆ ಎಂಟಕ್ಕೆ, ಮಧ್ಯಾಹ್ನ ಹನ್ನೆರಡೂವರೆಗೆ, ಸಂಜೆ ನಾಲ್ಕಕ್ಕೆ ನೆರಳಿನ ಅಂಚಿನಗುಂಟ ರಂಗೋಲಿ ಪುಡಿಯಿಂದ ಗೆರೆ ಎಳೆದರೆ ಸಾಕು. ಆದರೆ ಈ ಗೆರೆಗಳು ಋತುವಿನೊಂದಿಗೆ ಸರಿಯುತ್ತವೆ ಎಂಬುದನ್ನು ಮರೆಯಬಾರದು. ಡಿಸೆಂಬರಿನ ನಡುಹಗಲಿನಲ್ಲಿ ಹತ್ತು ಅಡಿ ಎತ್ತರದ ಗೋಡೆಯ ನೆರಳು ಉತ್ತರಕ್ಕೆ ಸುಮಾರು ಎಂಟು ಅಡಿ ಚಾಚಿರುತ್ತದೆ. ರಾಯಚೂರು 16 ಡಿಗ್ರಿ ಉತ್ತರ ಅಕ್ಷಾಂಶದ ಆಸುಪಾಸಿನಲ್ಲಿರುವುದರಿಂದ ಮೇ ಮೊದಲ ವಾರದಲ್ಲಿ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಮಧ್ಯಾಹ್ನದ ಸೂರ್ಯ ತುಸು ಉತ್ತರಕ್ಕೇ ವಾಲಿರುತ್ತಾನೆ. ಬಳ್ಳಾರಿ, ಕೊಪ್ಪಳಗಳಲ್ಲಿ ಇದು ಕೆಲವೇ ದಿನ ಆಚೀಚೆ. ನಾನು ಮೊದಲ ವರ್ಷ ಬೆಂಗಳೂರಿನಿಂದ ಬಸ್ಸಿನಲ್ಲಿ ಮಡಿಲಲ್ಲಿಟ್ಟುಕೊಂಡು ತಂದ ಜರಿಗಿಡಗಳನ್ನು, ಚಳಿಗಾಲವೆಲ್ಲ ತಂಪಾಗಿದ್ದ ಉತ್ತರದ ಗೋಡೆಯ ಬುಡದಲ್ಲಿಯೇ ಬಿಟ್ಟಿದ್ದೆ. ಮೇ ಹತ್ತರೊಳಗೆ ಅವು ಹುರಿದ ಹಪ್ಪಳದಂತಾಗಿದ್ದವು.

ಹೀಗಾಗಿ ಬೇಸಿಗೆಯ ಮಧ್ಯಾಹ್ನ ಉತ್ತರ, ದಕ್ಷಿಣ ಎರಡೂ ಕಡೆಯ ಗೋಡೆಗಳು ನೆರವಾಗುವುದಿಲ್ಲ. ನಂಬಬಹುದಾದದ್ದು ಪೂರ್ವದ ಕಡೆ, ಏಕೆಂದರೆ ಮಧ್ಯಾಹ್ನದ ಮೇಲೆ ಮನೆಯೇ ಅಲ್ಲಿಗೆ ನೆರಳು ಕೊಡುತ್ತದೆ. ಸೂಕ್ಷ್ಮವಾದ ಗಿಡಗಳೆಲ್ಲ ಅಲ್ಲಿರಲಿ. ಪಶ್ಚಿಮದ ಗೋಡೆ ಸಂಜೆಯವರೆಗೆ ಕಾದು ರಾತ್ರಿ ಹತ್ತರವರೆಗೂ ಉಗಿ ಬಿಡುತ್ತದೆ. ಅಲ್ಲಿಗೆ ಕಾಗದದ ಹೂವು, ದೇವಕಣಗಿಲೆ, ನುಗ್ಗೆ, ನಿಂಬೆಯಂಥ ಗಟ್ಟಿ ಜೀವಗಳೇ ಸರಿ. ಕಣಗಿಲದ ಎಲೆ, ಹೂವು, ಕಾಂಡ ಎಲ್ಲವೂ ವಿಷವಾದ್ದರಿಂದ ಚಿಕ್ಕ ಮಕ್ಕಳು, ಆಕಳು, ಆಡುಗಳಿರುವ ಮನೆಯಲ್ಲಿ ಅದನ್ನು ಕೈಗೆ, ಬಾಯಿಗೆ ಎಟುಕುವಲ್ಲಿ ಹಚ್ಚಬಾರದು.

ಮಣ್ಣು ಮತ್ತು ಕುಂಡ

ನಮ್ಮ ಎರೆ ಮಣ್ಣು ಜೋಳಕ್ಕೆ, ಹತ್ತಿಗೆ, ಕಡಲೆಗೆ ಬಂಗಾರ. ಕುಂಡಕ್ಕೆ ಮಾತ್ರ ಅದು ಆಗಿಬರುವುದಿಲ್ಲ. ನೀರು ಕುಡಿದಾಗ ಉಬ್ಬಿ ಬೇರಿಗೆ ಗಾಳಿಯಾಡದಂತೆ ಮಾಡುತ್ತದೆ, ಒಣಗಿದಾಗ ಕುಂಡದ ಅಂಚಿನಿಂದ ಬಿಟ್ಟುಕೊಂಡು ಬಿರುಕಿನ ಗುಂಟ ನೀರೆಲ್ಲ ಕೆಳಗೆ ಹರಿದುಹೋಗುವಂತೆ ಮಾಡುತ್ತದೆ. ಎರಡು ಬುಟ್ಟಿ ಮಸಾರಿ (ಕೆಂಪು) ಮಣ್ಣು, ಒಂದು ಬುಟ್ಟಿ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ, ಒಂದು ಬುಟ್ಟಿ ದಪ್ಪ ಉಸುಕು, ಮೇಲೆ ಎರಡು ಹಿಡಿ ಬೇವಿನ ಹಿಂಡಿ ಬೆರೆಸಿದರೆ ಬಹುತೇಕ ಹೂಗಿಡಗಳಿಗೆ ಹೊಂದುತ್ತದೆ. ಅಂಗಳದ ನೆಲವೇ ಎರೆಯಾಗಿದ್ದರೆ ಗುಂಡಿ ತೋಡುವುದಕ್ಕಿಂತ ಮುಕ್ಕಾಲು ಅಡಿ ಎತ್ತರದ ಏರುಮಡಿ ಕಟ್ಟುವುದು ಲೇಸು. ಗುಂಡಿಯಾದರೆ ಸೆಪ್ಟೆಂಬರಿನ ಮಳೆಗೆ ಅದು ಬಾನಿಯಂತೆ ನೀರು ಹಿಡಿದು ಬೇರು ಕೊಳೆಸುತ್ತದೆ.

ಮಣ್ಣಿನ ಮೇಲೆ ಹೊದಿಕೆ ಹಾಕುವುದನ್ನು ಹೆಚ್ಚಿನವರು ಲೆಕ್ಕಕ್ಕೇ ಹಿಡಿಯುವುದಿಲ್ಲ. ಗಂಗಾವತಿ, ಸಿಂಧನೂರು, ಸಿರುಗುಪ್ಪದ ಕಡೆ ರೈಸ್‌ಮಿಲ್ಲಿನ ಭತ್ತದ ಹೊಟ್ಟಿಗೆ ಕೊರತೆಯಿಲ್ಲ, ಉಳಿದ ಕಡೆ ಶೇಂಗಾ ಸಿಪ್ಪೆ ಸಿಗುತ್ತದೆ. ಎರಡು ಬೆರಳು ದಪ್ಪ ಹರಡಿದರೆ ಬೇಸಿಗೆಯಲ್ಲಿ ಮಣ್ಣು ಒಂದು ದಿನ ಹೆಚ್ಚು ಹಸಿಯಾಗಿರುತ್ತದೆ. ಬುಡಕ್ಕೆ ತಾಗದಂತೆ ಒಂದು ಗೇಣು ಬಿಟ್ಟು ಹರಡಬೇಕು, ಇಲ್ಲದಿದ್ದರೆ ಗೆದ್ದಲಿಗೆ ಕರೆ ಕೊಟ್ಟಂತಾಗುತ್ತದೆ.

ನೀರಿನ ಸವಳು

ಇದರ ಬಗ್ಗೆ ವಿವರವಾಗಿ ಹೇಳಲೇಬೇಕು, ಏಕೆಂದರೆ ಈ ಭಾಗದಲ್ಲಿ ಬಿಸಿಲಿಗಿಂತ ಹೆಚ್ಚು ಗಿಡಗಳು ಸವಳಿನಿಂದ ಸಾಯುತ್ತವೆ ಎಂಬುದು ನನ್ನ ಅನುಮಾನ. ಕೊಳವೆಬಾವಿಯ ಗಡಸು ನೀರನ್ನು ದಿನವೂ ಲೋಟದಷ್ಟು ಹಾಕುತ್ತ ಹೋದರೆ ನೀರು ಆವಿಯಾಗಿ ಉಪ್ಪು, ಸುಣ್ಣ ಮಾತ್ರ ಕುಂಡದಲ್ಲಿ ಉಳಿಯುತ್ತವೆ. ಮಣ್ಣಿನ ಕುಂಡದ ಹೊರಮೈಯಲ್ಲಿ ಬಿಳಿ ಪುಡಿಯ ಉಂಗುರ ಕಾಣಿಸಿಕೊಳ್ಳುವುದು, ಎಳೆಯ ಎಲೆಗಳು ನರ ಮಾತ್ರ ಹಸಿರಾಗಿ ಉಳಿದು ನಡುವೆಲ್ಲ ಹಳದಿಯಾಗುವುದು ಇದರ ಗುರುತು. ಸುಣ್ಣದ ಅಂಶ ಹೆಚ್ಚಾದಾಗ ಮಣ್ಣಿನಲ್ಲಿರುವ ಕಬ್ಬಿಣ ಬೇರಿಗೆ ದಕ್ಕದಿರುವುದೇ ಈ ಹಳದಿಗೆ ಕಾರಣ. ತಿಂಗಳಿಗೊಮ್ಮೆ ಕುಂಡದ ಕೆಳಗಿನ ತೂತಿನಿಂದ ಧಾರಾಳವಾಗಿ ಹರಿದುಹೋಗುವಷ್ಟು ನೀರು ಹಾಕಿ ಉಪ್ಪನ್ನು ತೊಳೆಯಬೇಕು. ಒಂದು ಲೀಟರ್ ನೀರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ, ನಾಲ್ಕು ಹನಿ ನಿಂಬೆರಸ ಸೇರಿಸಿ ಸಂಜೆಯ ವೇಳೆ ಎಲೆಗಳಿಗೆ ಸಿಂಪಡಿಸಿದರೆ ಹೊಸ ಚಿಗುರು ಹಸಿರಾಗಿ ಬರುತ್ತದೆ. ಬಹಳ ತೊಂದರೆಯಿದ್ದರೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿ ಮಣ್ಣು, ನೀರು ಪರೀಕ್ಷೆ ಮಾಡಿಸುವುದು ಸೂಕ್ತ.

ಬೇಸಿಗೆಯಲ್ಲಿ ಮನೆಮನೆಯಲ್ಲೂ ಏರ್ ಕೂಲರ್ ಓಡುತ್ತದೆ. ಅದರ ತೊಟ್ಟಿಯ ತಳದಲ್ಲಿ ಉಳಿದ ನೀರನ್ನು ಹಾಳುಮಾಡಬಾರದೆಂದು ಗಿಡಕ್ಕೆ ಸುರಿಯುವವರನ್ನು ನೋಡಿದ್ದೇನೆ, ನಾನೂ ಸುರಿದಿದ್ದೇನೆ. ಇಡೀ ದಿನ ಆವಿಯಾಗಿ ಉಳಿದ ಆ ನೀರಿನಲ್ಲಿ ಉಪ್ಪು ಹಲವು ಪಟ್ಟು ಗಟ್ಟಿಯಾಗಿರುತ್ತದೆ. ಕುಡಿಯುವ ನೀರಿನ ಯಂತ್ರ ಹೊರಬಿಡುವ ನೀರಿನದೂ ಅದೇ ಕತೆ. ಇದಕ್ಕೆ ವಿರುದ್ಧವಾಗಿ ಎಸಿಯ ಕೊಳವೆಯಿಂದ ತೊಟ್ಟಿಕ್ಕುವ ನೀರು ಗಾಳಿಯ ತೇವದಿಂದ ಬಂದದ್ದು, ಅದರಲ್ಲಿ ಉಪ್ಪಿಲ್ಲ. ಅದನ್ನು ಗುಲಾಬಿಗೆ ಮೀಸಲಿಡಬಹುದು.

ಮಹಾನವಮಿಯಿಂದ ಸಂಕ್ರಾಂತಿಯವರೆಗೆ

ಹಸ್ತ, ಚಿತ್ತಿ ಮಳೆಗಳು ಹಿಂದೆ ಸರಿಯುತ್ತಿದ್ದಂತೆ ಗುಲಾಬಿಯನ್ನು ಸವರಬೇಕು. ಒಣಗಿದ, ಒಂದಕ್ಕೊಂದು ಉಜ್ಜುವ ಟೊಂಗೆಗಳನ್ನು ಬುಡಕ್ಕೇ ತೆಗೆದು, ಉಳಿದವನ್ನು ಹೊರಮುಖದ ಕಣ್ಣಿನ ಮೇಲೆ ಓರೆಯಾಗಿ ಕತ್ತರಿಸಿದರೆ ಒಂದೂವರೆ ತಿಂಗಳಲ್ಲಿ ಹೂವು ಬರುತ್ತದೆ. ಜಿನಿಯಾ, ಕಾಸ್ಮೊಸ್, ಪೆಟೂನಿಯಾಗಳಿಗೆ ಇದೇ ಕಾಲ. ಕೊತ್ತಂಬರಿ, ಮೆಂತ್ಯ, ಮೂಲಂಗಿಯನ್ನೂ ಹೂವಿನ ಮಡಿಯ ಅಂಚಿಗೆ ಬಿತ್ತಬಹುದು. ಅಂಚು ಹಸಿರಾಗಿರುತ್ತದೆ, ಸಾರಿಗೂ ಆಗುತ್ತದೆ.

ಸೇವಂತಿಗೆ ರಾತ್ರಿಗಳು ಉದ್ದವಾದಾಗ ಮೊಗ್ಗು ಕಟ್ಟುವ ಗಿಡ. ಗೇಟಿನ ದೀಪವೋ ಬೀದಿದೀಪವೋ ರಾತ್ರಿಯಿಡೀ ಅದರ ಮೇಲೆ ಬಿದ್ದರೆ ಗಿಡ ಸೊಂಪಾಗಿ ಬೆಳೆದರೂ ಹೂವು ತಡವಾಗುತ್ತದೆ. ಕುಂಡವನ್ನು ನಾಲ್ಕು ಹೆಜ್ಜೆ ಕತ್ತಲೆಗೆ ಸರಿಸಿದರೆ ಸಮಸ್ಯೆ ಮುಗಿಯಿತು.

ಅಲಂಕಾರಕ್ಕೆ ಇದಕ್ಕಿಂತ ಒಳ್ಳೆಯ ಕಾಲವಿಲ್ಲ. ತುಳಸಿ ಕಟ್ಟೆಗೆ ಕೆಮ್ಮಣ್ಣು ಬಳಿದು ಅಂಚಿಗೆ ಸುಣ್ಣದ ಪಟ್ಟಿ ಎಳೆದರೆ ಅದರ ಮುಂದೆ ಯಾವ ಬಣ್ಣದ ಟೈಲ್ಸೂ ನಿಲ್ಲುವುದಿಲ್ಲ. ಅಡ್ಡಾಡುವ ದಾರಿಗೆ ಶಹಾಬಾದ್ ಪರಶಿಯ ಒಡೆದ ತುಂಡುಗಳನ್ನು ನಡುವೆ ಎರಡು ಬೆರಳು ಸಂದು ಬಿಟ್ಟು ಹಾಸಬಹುದು. ಮೂಲೆಗೆ ಬಿದ್ದ ಒರಳುಕಲ್ಲಿಗೆ ನೀರು ತುಂಬಿಟ್ಟರೆ ಗುಬ್ಬಿ, ಪಿಕಳಾರ ಬರುತ್ತವೆ. ಕಿನ್ನಾಳದ ಬಣ್ಣದ ಕಟ್ಟಿಗೆ ಗೊಂಬೆಗಳನ್ನು ತೋಟದಲ್ಲಿ ಇಡುವ ಆಸೆ ಕೆಲವರಿಗಿರುತ್ತದೆ. ಬಿಸಿಲು, ಮಳೆ ಎರಡೂ ಅವಕ್ಕೆ ಆಗದು, ಪಡಸಾಲೆಯಲ್ಲೇ ಇರಲಿ. ಚಳಿಗಾಲದ ತೋಟ ಬೆಳಗಿನದು, ಹೀಗಾಗಿ ಕೂರುವ ಕಟ್ಟೆ ಪೂರ್ವದ ಎಳೆಬಿಸಿಲು ಬೀಳುವಲ್ಲಿ ಇರಬೇಕು.

ಮಲ್ಲಿಗೆಯ ತಯಾರಿ

ಬೇಸಿಗೆಯ ಹೂವಿಗೆ ಕೆಲಸ ಚಳಿಗಾಲದಲ್ಲೇ ನಡೆಯಬೇಕು. ಭೌಗೋಳಿಕ ಸೂಚಿಕೆ ಪಡೆದ ಮಲ್ಲಿಗೆಯ ಊರಾದ ಹೂವಿನಹಡಗಲಿ 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರುವವರೆಗೆ ಬಳ್ಳಾರಿ ಜಿಲ್ಲೆಯದೇ ಆಗಿತ್ತು. ಅಂದಮೇಲೆ ನಮ್ಮ ಅಂಗಳದಲ್ಲಿ ಒಂದು ಮಲ್ಲಿಗೆ ಬಳ್ಳಿ ಇಲ್ಲದಿದ್ದರೆ ಹೇಗೆ? ದುಂಡುಮಲ್ಲಿಗೆಯಾದರೆ ಡಿಸೆಂಬರ್ ಆರಂಭದಲ್ಲಿ ಎರಡು ವಾರ ನೀರು ಕಡಿಮೆ ಮಾಡಿ, ಎಲೆಗಳು ಬಾಡಿ ಉದುರತೊಡಗಿದಾಗ ಗಿಡವನ್ನು ನೆಲದಿಂದ ಒಂದೂವರೆ ಅಡಿಗೆ ಸವರಬೇಕು. ಉಳಿದ ಎಲೆಗಳನ್ನೂ ಕೈಯಿಂದ ಬಿಡಿಸಬೇಕು. ಬರಿ ಕಡ್ಡಿಯಾಗಿ ನಿಂತ ಗಿಡವನ್ನು ನೋಡಿ ಮನೆಯವರು ಬಯ್ಯುತ್ತಾರೆ, ಬಯ್ಯಲಿ. ಬುಡದ ಮಣ್ಣು ಸಡಿಲಿಸಿ, ಮೇಲ್ಬೇರಿಗೆ ಒಂದು ವಾರ ಬಿಸಿಲು ತೋರಿಸಿ, ಒಂದು ಬುಟ್ಟಿ ಗೊಬ್ಬರ ಕೊಟ್ಟು ಮತ್ತೆ ನೀರು ಆರಂಭಿಸಿದರೆ ಮಾರ್ಚ್ ಹೊತ್ತಿಗೆ ಪ್ರತಿ ಚಿಗುರಿನ ತುದಿಯಲ್ಲೂ ಮೊಗ್ಗಿರುತ್ತದೆ. ಮಲ್ಲಿಗೆಯ ಮೊಗ್ಗು ಹೊಸ ಚಿಗುರಿನಲ್ಲಿ ಮಾತ್ರ ಬರುವುದರಿಂದಲೇ ಈ ನಿರ್ದಯೆ.

ಬೇಸಿಗೆ: ರಾತ್ರಿಯ ತೋಟ

ಫೆಬ್ರುವರಿ ಕೊನೆಯ ವಾರದೊಳಗೆ ಮಾಳಿಗೆಯ ಮೇಲಿನ ಕುಂಡಗಳನ್ನು ಇಟ್ಟಿಗೆಯ ಮೇಲೆ ಎತ್ತಿಡಬೇಕು, ಇಲ್ಲದಿದ್ದರೆ ಕಾದ ಸ್ಲ್ಯಾಬು ಕೆಳಗಿನಿಂದ ಬೇರನ್ನು ಬೇಯಿಸುತ್ತದೆ. ಕಪ್ಪು ಪ್ಲಾಸ್ಟಿಕ್ ಕುಂಡಗಳಿಗೆ ಹೊರಗಿನಿಂದ ಸುಣ್ಣ ಬಳಿಯಬಹುದು, ಇಲ್ಲವೆ ಗೋಣಿತಟ್ಟು ಸುತ್ತಬಹುದು. ಅರ್ಧ ಬಿಸಿಲು ತಡೆಯುವ ಹಸಿರು ನೆರಳುಪರದೆಯನ್ನು ಗಿಡಗಳ ತಲೆಯಿಂದ ಮೂರು ಅಡಿಯಾದರೂ ಮೇಲೆ, ಪಶ್ಚಿಮಕ್ಕೆ ಇಳಿಜಾರಾಗಿ ಕಟ್ಟಬೇಕು.

ನೀರು ಉಳಿಸುವ ಉಪಾಯಗಳಲ್ಲಿ ಗಡಿಗೆ ಹೂಳುವುದಕ್ಕೆ ಸಮನಾದದ್ದನ್ನು ನಾನು ಕಂಡಿಲ್ಲ. ಕುಂಬಾರರಲ್ಲಿ ಐದು ಲೀಟರ್ ಹಿಡಿಸುವ, ಬಣ್ಣ ಬಳಿಯದ ಮಣ್ಣಿನ ಗಡಿಗೆ ಕೊಂಡು, ಕಂಠ ಮಾತ್ರ ಕಾಣುವಂತೆ ಮಡಿಯ ನಡುವೆ ಹೂಳಿ, ನೀರು ತುಂಬಿ, ಮೇಲೆ ಮುಚ್ಚಳ ಇಡಬೇಕು. ಸುತ್ತ ಒಂದು ಅಡಿಯೊಳಗೆ ನಾಲ್ಕೈದು ಗಿಡಗಳಿರಲಿ. ಮಣ್ಣು ಒಣಗಿದಂತೆ ಗಡಿಗೆಯ ಮೈಯಿಂದ ನೀರು ತಾನೇ ಜಿನುಗುತ್ತದೆ, ಮಣ್ಣು ಹಸಿಯಿದ್ದಾಗ ನಿಧಾನವಾಗುತ್ತದೆ. ಒಮ್ಮೆ ತುಂಬಿಸಿದರೆ ಎರಡು ಮೂರು ದಿನ ಚಿಂತೆಯಿಲ್ಲ. ಗಡಸು ನೀರಿನ ಸುಣ್ಣ ಕಾಲಾಂತರದಲ್ಲಿ ಗಡಿಗೆಯ ಸೂಕ್ಷ್ಮ ರಂಧ್ರಗಳನ್ನು ಮುಚ್ಚಿಬಿಡುತ್ತದೆ. ನೀರು ಇಳಿಯುವುದು ನಿಂತರೆ ಹೊರತೆಗೆದು ಹುಣಸೆಹಣ್ಣು ಹಚ್ಚಿ ನಾರಿನಿಂದ ತಿಕ್ಕಿ ತೊಳೆದು ಮತ್ತೆ ಹೂಳಬೇಕು. ಮುಚ್ಚಳ ಸರಿಯಾಗಿ ಕೂರದಿದ್ದರೆ ಸೊಳ್ಳೆಯ ಮನೆಯಾಗುತ್ತದೆ.

ಹಗಲಿನಲ್ಲಿ ಈ ತೋಟವನ್ನು ನೋಡುವವರಾರೂ ಇಲ್ಲ. ಹೀಗಾಗಿ ಬೇಸಿಗೆಯ ಅಲಂಕಾರವನ್ನು ರಾತ್ರಿಗೆ ಹೊಂದಿಸಬೇಕು. ಮಲ್ಲಿಗೆ, ಸುಗಂಧರಾಜ, ರಾತ್ರಿರಾಣಿ, ಇಳಿಹೊತ್ತಿಗೆ ಅರಳುವ ಸಂಜೆಮಲ್ಲಿಗೆ, ಬೆಳದಿಂಗಳಲ್ಲಿ ಕಾಣುವ ನಂದಿಬಟ್ಟಲು, ಇವುಗಳ ಕುಂಡಗಳನ್ನು ಮಾಳಿಗೆಯ ಮೇಲೆ ಹಾಸಿಗೆ ಹಾಸುವ ಜಾಗದ ನೈರುತ್ಯಕ್ಕೆ, ಪಶ್ಚಿಮಕ್ಕೆ ಇಟ್ಟರೆ ಬೀಸಿದ ಗಾಳಿಯೊಂದಿಗೆ ಪರಿಮಳ ಹಾಸಿಗೆಗೆ ಬರುತ್ತದೆ. ರಾತ್ರಿರಾಣಿ ಒಂದೇ ಇರಲಿ, ಎರಡಾದರೆ ತಲೆನೋವು. ನೀರನ್ನು ಬೆಳಿಗ್ಗೆ ಆರರೊಳಗೆ ಹಾಕಬೇಕು. ಮಧ್ಯಾಹ್ನ ಎಲೆ ಜೋತುಬಿದ್ದರೂ ಸಂಜೆ ತಾನಾಗಿ ಎದ್ದು ನಿಂತರೆ ಗಿಡಕ್ಕೆ ನೀರು ಸಾಕಷ್ಟಿದೆಯೆಂದೇ ಅರ್ಥ.

ಮಳೆಗಾಲ

ಮಿರಗ ಕೂಡಿದ ಮೇಲೆ ಎರಡು ಹದವಾದ ಮಳೆಯಾಗಲಿ, ಆಮೇಲೆ ದಾಸವಾಳ, ನಂದಿಬಟ್ಟಲು, ಕರಿಬೇವಿನಂಥ ದೀರ್ಘಕಾಲದ ಗಿಡಗಳನ್ನು ನೆಲಕ್ಕೆ ಹಚ್ಚಬಹುದು. ನೆರಳುಪರದೆಯನ್ನು ಮೋಡ ಕವಿದ ದಿನ ತೆಗೆಯಬೇಕು, ಬಿರುಬಿಸಿಲಿನ ದಿನ ತೆಗೆದರೆ ಎಲೆ ಸುಡುತ್ತದೆ. ನಮ್ಮಲ್ಲಿ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರಿನಲ್ಲಿ. ಅಷ್ಟರೊಳಗೆ ಕುಂಡಗಳ ಕೆಳಗಿನ ತಟ್ಟೆಗಳನ್ನೆಲ್ಲ ಎತ್ತಿಡಬೇಕು.

ಈ ಕಾಲದ ಮುಖ್ಯ ಕೆಲಸ ಹಬ್ಬದ ಚೆಂಡುಹೂವಿನ ಲೆಕ್ಕ. ಬೀಜದಿಂದ ನಾಟಿಗೆ ಬರುವ ಅಗಿಗೆ (ಸಸಿಗೆ) 25 ದಿನ, ನಾಟಿಯಿಂದ ಹೂವಿಗೆ ಸುಮಾರು ಎರಡು ತಿಂಗಳು, ಒಟ್ಟು 85 ದಿನ. ಮಣ್ಣೆತ್ತಿನ ಅಮಾವಾಸ್ಯೆಯಾದ ಹತ್ತು ದಿನಕ್ಕೆ ಬಿತ್ತಿದ ಬೀಜ ಮಹಾನವಮಿಗೆ ಹೂವಾಗುತ್ತದೆ. ನಾಗರ ಪಂಚಮಿಯಿಂದ ದೀಪಾವಳಿಯ ಅಮಾವಾಸ್ಯೆಗೆ ಸಾಮಾನ್ಯವಾಗಿ 84 ದಿನ ಇರುವುದರಿಂದ, ಪಂಚಮಿಯ ಜೋಕಾಲಿ ಕಟ್ಟುವ ದಿನವೇ ಬಿತ್ತಿದ ಎರಡನೆಯ ಸಾಲು ಲಕ್ಷ್ಮೀಪೂಜೆಗೂ, ಪಾಡ್ಯದ ದಿನ ಸಗಣಿಯಿಂದ ಮಾಡಿಡುವ ಪಾಂಡವರ ತಲೆಗೂ ಒದಗುತ್ತದೆ. ಅಧಿಕಮಾಸ ನಡುವೆ ಬಿದ್ದ ವರ್ಷ ಮಾತ್ರ ಪಂಚಾಂಗ ನೋಡಿಕೊಂಡು ದಿನ ಹಿಂದಿನಿಂದ ಎಣಿಸಬೇಕು. ಅಗಿಯನ್ನು ಸಂಜೆ ಹೊತ್ತು, ಒಂದು ಅಡಿ ಅಂತರದಲ್ಲಿ ನಾಟಿ ಮಾಡಿ, ಮೂರನೆಯ ವಾರದಲ್ಲಿ ನಡುಕುಡಿಯನ್ನು ಉಗುರಿನಿಂದ ಚಿವುಟಬೇಕು. ಚಿವುಟಿದ ಗಿಡ ಕೆಲವು ದಿನ ತಡವಾಗಿ ಹೂ ಬಿಟ್ಟರೂ ಐದಾರು ಟೊಂಗೆ ಒಡೆಯುತ್ತದೆ, ಆದ್ದರಿಂದ ಸಾಲಿನ ಅರ್ಧ ಗಿಡಗಳನ್ನು ಚಿವುಟಿ ಇನ್ನರ್ಧವನ್ನು ಹಾಗೆಯೇ ಬಿಟ್ಟರೆ ಹಬ್ಬದ ದಿನಕ್ಕೂ ಹೂವಿರುತ್ತದೆ, ಹಬ್ಬ ಮುಗಿದ ಮೇಲೆ ತುಳಸಿ ಲಗ್ನಕ್ಕೂ ಉಳಿದಿರುತ್ತದೆ.