ಹಗ್ಗ ಹಾಕುವ ಮುನ್ನ, ಹಗ್ಗ ಬಿಚ್ಚುವ ತನಕ

ನಾನು ಪಶುವೈದ್ಯನಾಗಿ ಚಳ್ಳಕೆರೆ ತಾಲ್ಲೂಕಿಗೆ ಬಂದ ಮೊದಲ ವರ್ಷದ ಮುಂಗಾರಿನಲ್ಲಿ, ಕೊಂಬು ಬುಡದಲ್ಲಿ ಮುರಿದು ಹುಳು ಬಿದ್ದಿದ್ದ ಒಂದು ಎತ್ತನ್ನು ಅದರ ಯಜಮಾನರ ಹಿತ್ತಲಿನಲ್ಲಿಯೇ ಕೆಡವಿಸಿ ಕೊಂಬು ತೆಗೆದೆ. ಮರವಳಿಕೆ ಚೆನ್ನಾಗಿ ಹಿಡಿದಿತ್ತು, ರಕ್ತಸ್ರಾವ ನಿಂತಿತು, ಗಾಯ ಶುದ್ಧವಾಯಿತು. ಒಂದು ಗಂಟೆಗೂ ಮೀರಿದ ಆ ಕೆಲಸ ಮುಗಿಸಿ ಹಗ್ಗ ಬಿಚ್ಚಿಸಿದಾಗ ಎತ್ತು ಎದ್ದಿತು, ಆದರೆ ಅದರ ಬಲ ಮುಂಗಾಲು ನೆಲಕ್ಕೆ ಊರಲಿಲ್ಲ. ಮೊಣಕೈ ಜೋತುಬಿದ್ದಿತ್ತು, ಗೊರಸಿನ ಮುಂಭಾಗ ಮಣ್ಣಿನಲ್ಲಿ ಎಳೆದುಕೊಂಡು ಹೋಗುತ್ತಿತ್ತು. ಕಲ್ಲುಮಿಶ್ರಿತ ಗಟ್ಟಿ ನೆಲದ ಮೇಲೆ, ಕೆಳಗೆ ಹುಲ್ಲಿನ ಹಾಸೂ ಇಲ್ಲದೆ, ಮೈಭಾರವೆಲ್ಲ ಆ ಭುಜದ ಮೇಲೆಯೇ ಬಿದ್ದು, ಮುಂಗಾಲನ್ನು ಚಾಚಿಸುವ ರೇಡಿಯಲ್ ನರ ಒತ್ತಿಹೋಗಿತ್ತು. ಶೇಂಗಾ ಬಿತ್ತನೆಯ ಹೊತ್ತಿಗೆ ಸರಿಯಾಗಿ ಆ ಮನೆಯ ಜೋಡಿ ಮುರಿಯಿತು. ಕಾಲು ಸರಿಹೋಗಲು ಮೂರು ವಾರ ಹಿಡಿಯಿತು, ಅಷ್ಟರಲ್ಲಿ ಅವರು ಬಾಡಿಗೆ ಎತ್ತು ತಂದು ಬಿತ್ತನೆ ಮುಗಿಸಿದ್ದರು. ಯಜಮಾನರು ನನಗೆ ಒಂದು ಮಾತೂ ಅನ್ನಲಿಲ್ಲ. ಆದರೆ ರೋಗ ಮಾಡದ ಹಾನಿಯನ್ನು ನಾನು ಆ ಎತ್ತನ್ನು ಹಿಡಿಸಿದ ರೀತಿ ಮಾಡಿತು ಎಂಬುದು ಇಂದಿಗೂ ನನ್ನ ಮನಸ್ಸಿನಲ್ಲಿ ಉಳಿದಿದೆ.

ಕಾಲೇಜಿನಲ್ಲಿ ಪ್ರಾಣಿಗಳನ್ನು ಹಿಡಿಯುವ, ಕಟ್ಟುವ, ಕೆಡವುವ ವಿಧಾನಗಳನ್ನು ನಮಗೆ ಕಲಿಸಿಯೇ ಇರುತ್ತಾರೆ. ಅಲ್ಲಿ ದನವನ್ನು ನಿಲ್ಲಿಸಿ ಕಟ್ಟುವ ಚೌಕಟ್ಟಾದ ಟ್ರೆವಿಸ್ ಇರುತ್ತದೆ, ನಾಲ್ಕು ಜನ ಪಳಗಿದ ಸಹಾಯಕರಿರುತ್ತಾರೆ, ಎಷ್ಟೋ ವಿದ್ಯಾರ್ಥಿಗಳ ಕೈಗೆ ಒಗ್ಗಿಹೋದ ಸಾಧು ಹಸು ಇರುತ್ತದೆ. ಹಳ್ಳಿಗೆ ಬಂದರೆ ಒಂದು ಬೇವಿನ ಮರ, ಒಂದು ನೈಲಾನ್ ಹಗ್ಗ, ಸುತ್ತ ಇಪ್ಪತ್ತು ಜನ, ಅವರಲ್ಲಿ ಹತ್ತು ಮಂದಿ ಏಕಕಾಲಕ್ಕೆ ಕೂಗುವವರು. ಹೀಗಾಗಿ ನಾನು ಈ ವಿದ್ಯೆಯನ್ನು ಎರಡನೆಯ ಸಲ ಕಲಿಯಬೇಕಾಯಿತು. ಕಲಿಸಿದವರು ಸಂತೆಯಲ್ಲಿ ಎತ್ತುಗಳಿಗೆ ಲಾಳ ಕಟ್ಟುತ್ತಿದ್ದ ಒಬ್ಬ ಹಿರಿಯರು.

ಅವರು ಒಂದೇ ಹಗ್ಗದಲ್ಲಿ, ಒಬ್ಬನೇ ಸಹಾಯಕನೊಂದಿಗೆ, ಎಂತಹ ಎತ್ತನ್ನಾದರೂ ಸದ್ದಿಲ್ಲದೆ ಮಲಗಿಸುತ್ತಿದ್ದರು. ನಾನು ಮೂರು ನಾಲ್ಕು ಸಂತೆ ಅವರ ಪಕ್ಕದಲ್ಲಿ ನಿಂತು ನೋಡಿದೆ. ಅವರು ಮೊದಲು ಮಾಡುತ್ತಿದ್ದುದು ನೆಲ ನೋಡುವುದು. ಕಾಲಿನಿಂದ ಕಲ್ಲುಗಳನ್ನು ಸರಿಸಿ, ಹೊಟ್ಟು ತುಂಬಿದ ಗೋಣಿಚೀಲವನ್ನು ಭುಜ ಬೀಳುವ ಜಾಗಕ್ಕೆ ಎಳೆದು, ಆಮೇಲೆ ಹಗ್ಗಕ್ಕೆ ಕೈ ಹಾಕುತ್ತಿದ್ದರು. ಅವರ ಹಗ್ಗ ಹೆಬ್ಬೆರಳು ದಪ್ಪದ, ಬಳಸಿ ಮೆತ್ತಗಾದ ನೂಲಿನ ಹಗ್ಗ. ನೈಲಾನ್ ಹಗ್ಗವು ಎಳೆತಕ್ಕೆ ಬಿಸಿಯಾಗಿ ಚರ್ಮವನ್ನೂ ಹಿಡಿದವರ ಅಂಗೈಯನ್ನೂ ಸುಡುತ್ತದೆ. ಅಂದಿನಿಂದ ನನ್ನ ಬೈಕಿನ ಪೆಟ್ಟಿಗೆಯಲ್ಲಿ 12 ಮೀಟರ್ ಉದ್ದದ ನೂಲಿನ ಹಗ್ಗ ಇದ್ದೇ ಇರುತ್ತದೆ.

ಅವರು ಹಾಕುತ್ತಿದ್ದ ಸುತ್ತುಗಳೂ ನಮ್ಮ ಪುಸ್ತಕದಲ್ಲಿ ರೂಫ್ ವಿಧಾನ ಎಂದಿರುವುದೂ ಹೆಚ್ಚುಕಡಿಮೆ ಒಂದೇ. ಹಗ್ಗದ ತುದಿಯನ್ನು ಕೊರಳಿಗೆ ಎಂದೂ ಬಿಗಿಯಾಗದ ಗಂಟಿನಿಂದ ಕಟ್ಟಬೇಕು. ಅಲ್ಲಿ ಜಾರುಗಂಟು ಹಾಕಿದರೆ ಅದು ಉರುಳೇ ಆಗುತ್ತದೆ. ಕೊರಳಿನಿಂದ ಬೆನ್ನಿನ ಮೇಲೆ ತಂದ ಹಗ್ಗವನ್ನು ಮುಂಗಾಲುಗಳ ಹಿಂದೆ ಎದೆಯ ಸುತ್ತ ಒಮ್ಮೆ, ಅಳ್ಳೆಯ ಬಳಿ ಹೊಟ್ಟೆಯ ಸುತ್ತ ಇನ್ನೊಮ್ಮೆ ಬಳಸಿ, ಎರಡೂ ಕಡೆ ಹಗ್ಗದ ಅಡಿಯಲ್ಲಿಯೇ ತೂರಿಸಿ, ಉಳಿದ ತುದಿಯನ್ನು ಹಿಂದಕ್ಕೆ ನೇರವಾಗಿ ಎಳೆಯಬೇಕು. ಜಗ್ಗುವ ಅಗತ್ಯವಿಲ್ಲ, ಇಬ್ಬರು ಒಂದೇ ಸಮನೆ ಎಳೆದು ಹಿಡಿದರೆ ಸಾಕು, ಎತ್ತು ಕಾಲು ಮಡಚಿ ತಾನಾಗಿ ಕುಳಿತುಕೊಳ್ಳುತ್ತದೆ. ಕೆಚ್ಚಲು ತುಂಬಿದ ಹಸುವಿನಲ್ಲಿ ಅಳ್ಳೆಯ ಸುತ್ತು ಹಾಲಿನ ನರವನ್ನೂ ಹೋರಿಯಲ್ಲಿ ಶಿಶ್ನದ ಭಾಗವನ್ನೂ ಒತ್ತುವ ಅಪಾಯವಿರುವುದರಿಂದ, ಅಂತಹವುಗಳಿಗೆ ನಾನು ಹಗ್ಗವನ್ನು ಎದೆಯ ಅಡಿಯಲ್ಲಿಯೂ ಬೆನ್ನಿನ ಮೇಲೂ ಅಡ್ಡ ಹಾಯಿಸಿ ತೊಡೆಗಳ ನಡುವಿನಿಂದ ಹಿಂದಕ್ಕೆ ತೆಗೆಯುವ ಬರ್ಲಿ ವಿಧಾನವನ್ನೇ ಅನುಸರಿಸುತ್ತೇನೆ.

ಬಿದ್ದ ಮೇಲಿನ ಕೆಲಸವೆಲ್ಲ ತಲೆ ಹಿಡಿದವನದು. ದನ ಏಳಬೇಕಾದರೆ ಮೊದಲು ತಲೆಯನ್ನು ಮೇಲೆತ್ತಿ ಮುಂದಕ್ಕೆ ತೂಗಬೇಕು, ಆದ್ದರಿಂದ ತಲೆಯನ್ನು ನೆಲಕ್ಕೆ ಒತ್ತಿ ಹಿಡಿದವನ ಕೈಯಲ್ಲಿಯೇ ಇಡೀ ಪ್ರಾಣಿ ಇರುತ್ತದೆ. ಈ ಕೆಲಸಕ್ಕೆ ನಾನು ಗುಂಪಿನ ಬಲಶಾಲಿ ಯುವಕನನ್ನು ಆರಿಸುವುದಿಲ್ಲ, ಆ ದನಕ್ಕೆ ದಿನವೂ ಮೇವು ಹಾಕುವವರನ್ನು ಕೇಳುತ್ತೇನೆ. ಸಾಮಾನ್ಯವಾಗಿ ಅದು ಆ ಮನೆಯ ಹೆಣ್ಣುಮಗಳಾಗಿರುತ್ತಾರೆ. ಹೊಟ್ಟೆಚೀಲ ಎಡಗಡೆ ಇರುವುದರಿಂದ ದನವನ್ನು ಆದಷ್ಟೂ ಬಲ ಮಗ್ಗುಲಿಗೆ ಕೆಡವುತ್ತೇವೆ. ಮಲಗಿರುವಾಗ ಗ್ಯಾಸ್ ಹೊರಹೋಗದೆ ಎಡ ಅಳ್ಳೆ ಉಬ್ಬತೊಡಗಿದರೆ, ಏನೇ ಕೆಲಸ ಉಳಿದಿದ್ದರೂ ಅದನ್ನು ನಿಲ್ಲಿಸಿ ಎದೆಯ ಮೇಲೆ ಕೂರಿಸಲೇಬೇಕು. ಮೊದಲೇ ಗೊತ್ತುಮಾಡಿದ ಶಸ್ತ್ರಚಿಕಿತ್ಸೆಯಾದರೆ ಹಿಂದಿನ ದಿನದಿಂದ ಮೇವು ನಿಲ್ಲಿಸಲು ಹೇಳುತ್ತೇನೆ. ಪ್ರೀತಿಯಿಂದ ಬೆಳಿಗ್ಗೆ ಹಿಂಡಿ ತಿನ್ನಿಸಿ ಕರೆತರುವವರೂ ಇದ್ದಾರೆ, ಅಂತಹ ದಿನ ನಾನು ಕೆಲಸವನ್ನು ಮರುದಿನಕ್ಕೆ ಮುಂದೂಡಿದ್ದೇನೆ.

ಮಂಪರು ಬರಿಸುವ ಕ್ಸೈಲಜಿನ್ ಚುಚ್ಚುಮದ್ದು ಕೊಟ್ಟರೆ ಈ ಹಗ್ಗದ ಗೊಡವೆ ಏಕೆ ಎಂದು ಹೊಸದಾಗಿ ಬಂದ ಸಹೋದ್ಯೋಗಿಗಳು ಕೇಳುತ್ತಾರೆ. ನಾನೂ ಬಳಸುತ್ತೇನೆ, ಬೆದರಿದ ದನಕ್ಕೆ ಅದು ದೊಡ್ಡ ಉಪಕಾರ. ಆದರೆ ದನಗಳು ಆ ಔಷಧಕ್ಕೆ ಬಹಳ ಸೂಕ್ಷ್ಮ; ಕುದುರೆಗೆ ಬೇಕಾಗುವ ಪ್ರಮಾಣದ ಹತ್ತನೆಯ ಒಂದು ಭಾಗ ಇವುಗಳಿಗೆ ಸಾಕಾಗುತ್ತದೆ. ತುಂಬು ಗಬ್ಬದ ಹಸುವಿನಲ್ಲಿ ಅದು ಗರ್ಭಕೋಶವನ್ನು ಸಂಕುಚಿಸಿ ಕರು ಹಾಕಿಸಬಹುದು, ಮಲಗಿದ ಪ್ರಾಣಿಯಲ್ಲಿ ಹೊಟ್ಟೆ ಉಬ್ಬರವನ್ನು ಹೆಚ್ಚಿಸಬಹುದು. ಔಷಧ ಕೊಟ್ಟ ಪ್ರಾಣಿಗೂ ಮೆತ್ತನೆಯ ನೆಲ ಬೇಕು, ತಲೆ ಹಿಡಿಯಲು ಒಬ್ಬರು ಬೇಕು.

ಕೆಡವುವುದು ಅಪರೂಪದ ಸಂದರ್ಭ. ನಿತ್ಯದ ಕೆಲಸವಾದ ಚುಚ್ಚುಮದ್ದು, ಗಬ್ಬ ಪರೀಕ್ಷೆ, ಗುರುತಿನ ಕಿವಿಯೋಲೆ ಹಾಕುವುದು, ಇವೆಲ್ಲ ನಿಂತ ದನದ ಮೇಲೆಯೇ ನಡೆಯುತ್ತವೆ, ಪೆಟ್ಟು ಬೀಳುವುದೂ ಇಲ್ಲಿಯೇ ಹೆಚ್ಚು. ದನಕ್ಕೆ ತನ್ನ ಸುತ್ತಲಿನ ಬಹುಪಾಲು ಕಾಣುತ್ತದೆ, ನೇರ ಹಿಂಬದಿ ಮಾತ್ರ ಕಾಣುವುದಿಲ್ಲ. ಅಲ್ಲಿಂದ ಸದ್ದಿಲ್ಲದೆ ಬಂದು ಮುಟ್ಟಿದವರು ಅದರ ಪಾಲಿಗೆ ಹುಲಿ, ಚಿರತೆ ಏನಾದರೂ ಆಗಬಹುದು. ಕುದುರೆಯಂತೆ ಹಸು ನೇರ ಹಿಂದಕ್ಕಷ್ಟೇ ಒದೆಯುವುದಿಲ್ಲ, ಹಿಂಗಾಲನ್ನು ಮುಂದಕ್ಕೆ ತಂದು ಕುಡುಗೋಲು ಬೀಸಿದಂತೆ ಪಕ್ಕಕ್ಕೆ ಬೀಸುತ್ತದೆ. ಆದುದರಿಂದ ನಾನು ಭುಜದ ಕಡೆಯಿಂದ, ಮಾತನಾಡಿಸುತ್ತಾ, ಮೈಮೇಲೆ ಅಂಗೈಯನ್ನು ಊರಿ ಜಾರಿಸುತ್ತಾ ಹಿಂದಕ್ಕೆ ಹೋಗುತ್ತೇನೆ. ಬೆರಳ ತುದಿಯಿಂದ ಮುಟ್ಟಿದರೆ ನೊಣ ಕೂತಂತಾಗಿ ಅದು ಕಾಲು ಝಾಡಿಸುತ್ತದೆ. ಹಿಂದೆ ನಿಂತು ಕೆಲಸ ಮಾಡುವಾಗ ಒಬ್ಬರು ಬಾಲವನ್ನು ಬುಡದಲ್ಲಿ ಎರಡೂ ಕೈಗಳಿಂದ ಹಿಡಿದು ನೇರವಾಗಿ ಮೇಲೆತ್ತಿದರೆ ಒದೆತ ಬಹಳಷ್ಟು ತಗ್ಗುತ್ತದೆ. ಬಾಲವನ್ನು ತಿರುಚುವುದನ್ನು ಮಾತ್ರ ನಾನು ಯಾರಿಗೂ ಬಿಡುವುದಿಲ್ಲ. ಮೂಳೆ ಮುರಿದು ಬಾಲ ಜೋತುಬಿದ್ದ ಎತ್ತುಗಳನ್ನು ಸಾಕಷ್ಟು ನೋಡಿದ್ದೇನೆ. ಮೂಗುದಾರವೂ ಹಾಗೆಯೇ. ಅದು ಕೈಯಲ್ಲಿ ಹಿಡಿಯಲು ಇರುವುದು, ಕಂಬಕ್ಕೆ ಕಟ್ಟಲು ಅಲ್ಲ. ಬೆದರಿ ಹಿಂದಕ್ಕೆ ಎಳೆದರೆ ಮೂಗಿನ ಹೊಳ್ಳೆಗಳ ನಡುವಿನ ಭಾಗವೇ ಹರಿದುಹೋಗುತ್ತದೆ. ಕಂಬಕ್ಕೆ ಕೊಂಬಿನ ಹಗ್ಗವನ್ನೋ ಮುಖಕ್ಕೆ ಹಾಕಿದ ಹಗ್ಗವನ್ನೋ ಕಟ್ಟಬೇಕು, ಅದೂ ಒಂದು ತುದಿ ಎಳೆದರೆ ಕ್ಷಣದಲ್ಲಿ ಬಿಚ್ಚಿಕೊಳ್ಳುವ ಗಂಟಿನಿಂದ.

ಕುರಿಗಳ ಬಗ್ಗೆ ಒಂದು ಮಾತು ಮಾತ್ರ ಹೇಳುತ್ತೇನೆ, ಏಕೆಂದರೆ ನಮ್ಮ ಭಾಗದ ಕುರಿಗಾರರಿಗೆ ಕುರಿ ಹಿಡಿಯುವುದನ್ನು ನಾನು ಕಲಿಸಬೇಕಾಗಿಲ್ಲ. ಜಂತುಹುಳುವಿನ ಔಷಧ ಕುಡಿಸುವಾಗ ತಲೆಯನ್ನು ಆಕಾಶಕ್ಕೆ ಎತ್ತಬಾರದು, ಬಾಯಿ ಕಣ್ಣಿನ ಮಟ್ಟಕ್ಕಿಂತ ಮೇಲೆ ಹೋಗದಿರಲಿ. ಕೆಮ್ಮಿದ ಕೂಡಲೇ ತಲೆ ಬಿಡಬೇಕು. ಎಮ್ಮೆಗೆ ಗೊಟ್ಟದಲ್ಲಿ (ಔಷಧ ಕುಡಿಸುವ ಬಿದಿರಿನ ಕೊಳವೆಯಲ್ಲಿ) ಎಣ್ಣೆ ಕುಡಿಸುವಾಗ ನಾಲಿಗೆ ಹೊರಗೆಳೆದು ಹಿಡಿಯುವವರಿದ್ದಾರೆ. ನಾಲಿಗೆ ಆಡದೆ ನುಂಗುವುದು ಸಾಧ್ಯವಿಲ್ಲ, ಎಣ್ಣೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ. ಹಾಗೆ ನ್ಯುಮೋನಿಯಾ ಬಂದ ಎಮ್ಮೆಯನ್ನು ಉಳಿಸುವುದು ಬಹಳ ಕಷ್ಟ.

ಇನ್ನು ಹಿಡಿಯಲೇಬಾರದ ಪ್ರಾಣಿಯ ವಿಷಯ. ದಾವಣಗೆರೆ ಜಿಲ್ಲೆಯಲ್ಲಿ ಕೆಲಸದಲ್ಲಿದ್ದಾಗ ಭದ್ರಾ ನಾಲೆಯ ಪಕ್ಕದ ಒಂದು ಊರಿನಿಂದ, ಹಸುವಿನ ಗಂಟಲಿನಲ್ಲಿ ಏನೋ ಸಿಕ್ಕಿಕೊಂಡಿದೆ, ನೀರೂ ಕುಡಿಯುತ್ತಿಲ್ಲ, ಜೊಲ್ಲು ಸುರಿಸುತ್ತಿದೆ ಎಂದು ಕರೆ ಬಂತು. ಹೋಗಿ ಬಾಯಿಗೆ ಕೈ ಹಾಕಿ ಗಂಟಲಿನವರೆಗೂ ತಡಕಿದೆ, ಏನೂ ಸಿಗಲಿಲ್ಲ. ಕೈ ಹೊರತೆಗೆಯುತ್ತಿರುವಾಗ ಹಸು ಕೂಗಿತು. ಒಡೆದ, ಗೊಗ್ಗರು ದನಿ, ಕೂಗಿನ ಕೊನೆ ಉಸಿರಿನಲ್ಲಿಯೇ ಅಡಗಿಹೋಗುವಂತಹದು. ರೇಬೀಸ್, ಅಂದರೆ ಹುಚ್ಚುನಾಯಿ ರೋಗ ತಗುಲಿದ ದನದ ಕೂಗು ಅದು. ಆ ಒಂದು ಕೂಗಿಗೆ ನನ್ನ ಬೆನ್ನು ತಣ್ಣಗಾಯಿತು. ಆಮೇಲೆ ವಿಚಾರಿಸಿದಾಗ, ಒಂದು ತಿಂಗಳ ಹಿಂದೆ ನಾಯಿ ಕಚ್ಚಿದ್ದು ಮನೆಯ ಹುಡುಗನಿಗೆ ನೆನಪಾಯಿತು. ಹಸು ಮೂರನೆಯ ದಿನ ಸತ್ತಿತು. ಹಸುವನ್ನು ನೋಡಿದ ದಿನವೇ ನಾನು ಕೈಯನ್ನು ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ಕಾಲು ಗಂಟೆ ತೊಳೆದೆ. ಮುಂಚೆಯೇ ರೇಬೀಸ್ ಲಸಿಕೆ ಪಡೆದಿದ್ದರಿಂದ ನನಗೆ ಆ ದಿನ ಒಂದು, ಮೂರನೆಯ ದಿನ ಒಂದು, ಹೀಗೆ ಎರಡು ಚುಚ್ಚುಮದ್ದು ಸಾಕಾಯಿತು. ಬರಿಗೈಯಲ್ಲಿ ಆ ಹಸುವಿನ ಜೊಲ್ಲು ಒರೆಸಿದ್ದ ಮನೆಯವರೆಲ್ಲರನ್ನೂ ಆಸ್ಪತ್ರೆಗೆ ಕಳುಹಿಸಿ, ಅವರ ಪೂರ್ತಿ ಲಸಿಕೆ ಮುಗಿಯುವವರೆಗೆ ಫೋನು ಮಾಡಿ ಕೇಳುತ್ತಲೇ ಇದ್ದೆ. ಜೊಲ್ಲು ಸುರಿಸುವ, ನುಂಗಲಾಗದ ದನದ ಬಾಯಿಗೆ ಕೈ ಹಾಕುವ ಮುನ್ನ ಅದರ ಕೂಗು ಕೇಳಿ, ನಾಯಿಯ ವಿಚಾರ ಕೇಳಿ. ದೂರದಲ್ಲಿ ಕಟ್ಟಿಹಾಕಿ, ಯಾರನ್ನೂ ಹತ್ತಿರ ಬಿಡದೆ ಕಾಯುವುದೂ ಚಿಕಿತ್ಸೆಯ ಕ್ರಮವೇ. ಈ ಕೆಲಸಕ್ಕೆ ಬರುವ ಯಾರೇ ಆಗಲಿ, ಸಹಾಯಕರೂ ಸೇರಿ, ಮುಂಜಾಗ್ರತೆಯ ರೇಬೀಸ್ ಲಸಿಕೆ ಹಾಕಿಸಿಕೊಳ್ಳದೆ ದನ ಮುಟ್ಟಬಾರದು ಎಂದು ನಾನು ಕೈಮುಗಿದು ಕೇಳುತ್ತೇನೆ.

ನಾನು ಅತ್ಯಂತ ಹೆಚ್ಚು ಕಲಿತದ್ದು ದೇವರ ಎತ್ತುಗಳ ರೊಪ್ಪದಲ್ಲಿ, ಅಂದರೆ ದೊಡ್ಡಿಯಲ್ಲಿ. ಚಳ್ಳಕೆರೆ, ಮೊಳಕಾಲ್ಮೂರು ಕಡೆಯ ಮ್ಯಾಸಬೇಡ ಸಮುದಾಯದವರ ಹಟ್ಟಿಗಳಲ್ಲಿ ದೇವರಿಗೆ ಬಿಟ್ಟ ದನಗಳ ಹಿಂಡುಗಳಿವೆ, ಅವನ್ನು ನೋಡಿಕೊಳ್ಳುವವರು ಕಿಲಾರಿಗಳು. ನಾನು ಕಾಲುಬಾಯಿ ಜ್ವರದ ಲಸಿಕೆ ಹಾಕಲು ಹೋದ ಹಿಂಡಿನಲ್ಲಿ ಹೆಚ್ಚಿನವುಗಳಿಗೆ ಮೂಗುದಾರವಿರಲಿಲ್ಲ, ಮನುಷ್ಯರ ಕೈ ಸೋಕಿದ ಅನುಭವವಿರಲಿಲ್ಲ. ಮೊದಲ ಸಲ ನಾವು ಒಂದೊಂದನ್ನೇ ಹಗ್ಗ ಎಸೆದು ಹಿಡಿಯಲು ಹೋಗಿ ಬೇಲಿ ಮುರಿಸಿಕೊಂಡೆವು, ಒಂದು ಕಡಸು ಮುಳ್ಳುಬೇಲಿಗೆ ಬಿದ್ದು ಗಾಯ ಮಾಡಿಕೊಂಡಿತು. ಒಂಟಿಯಾದ ದನವೇ ಎಲ್ಲಕ್ಕಿಂತ ಅಪಾಯಕಾರಿ ಎಂಬುದು ಅಂದು ಅರ್ಥವಾಯಿತು.

ಎರಡನೆಯ ಸಲ ಹಿಂದಿನ ದಿನವೇ ಹೋಗಿ, ರೊಪ್ಪದ ಬಾಗಿಲಿನಿಂದ ಆಚೆಗೆ ಬೊಂಬುಗಳನ್ನು ಹೂಳಿಸಿ, ಒಳಗಡೆ ಅಗಲವಾಗಿ ಹೊರಗಡೆ ಒಂದೇ ದನ ಹಿಡಿಯುವಷ್ಟು ಕಿರಿದಾಗುವ ಓಣಿ ಮಾಡಿಸಿದೆವು. ಎರಡೂ ಬದಿಗೆ ಗೋಣಿತಟ್ಟು ಕಟ್ಟಿಸಿದೆವು. ಓಣಿಯ ಗೋಡೆ ತೆರಪಿಲ್ಲದಿದ್ದರೆ ಆಚೆಯ ಜನ ಕಾಣದೆ ದನ ಶಾಂತವಾಗಿರುತ್ತದೆ ಎಂಬುದನ್ನು ದನಗಳ ನಡವಳಿಕೆಯನ್ನು ಅಧ್ಯಯನ ಮಾಡಿದ ಅಮೆರಿಕದ ವಿಜ್ಞಾನಿ ಟೆಂಪಲ್ ಗ್ರ್ಯಾಂಡಿನ್ ಅವರು ತೋರಿಸಿಕೊಟ್ಟಿದ್ದಾರೆ. ನಮಗೆ ಗೋಣಿತಟ್ಟೇ ಗೋಡೆಯಾಯಿತು. ಬೆಳಗಿನ ತಂಪಿನಲ್ಲಿ ಕೆಲಸ ಶುರುಮಾಡುವಾಗ ನಾನು ಜನರಿಗೆ ಏನೋ ಸೂಚನೆ ಕೊಡಲು ದನಿ ಎತ್ತಿದೆ. ಹಿರಿಯ ಕಿಲಾರಿ ನನ್ನ ತೋಳು ಮುಟ್ಟಿ, "ನೀವು ಸುಮ್ನಿರ್ರಿ ಸಾರ್, ನಾನು ಮಾತಾಡ್ತೀನಿ" ಎಂದರು. ಅವರು ಹಿಂಡಿನ ಹಿಂದೆ ಹೋಗಲಿಲ್ಲ. ಪಕ್ಕದಲ್ಲಿ, ಮುಂದಿನ ಹಸುವಿನ ಭುಜದ ಸಾಲಿಗೆ ಬಂದು ನಿಂತರು. ಗಂಟಲಿನಲ್ಲಿಯೇ ಏನೋ ಗುನುಗುತ್ತಾ ಭುಜದಿಂದ ಒಂದು ಹೆಜ್ಜೆ ಹಿಂದಕ್ಕೆ ಸರಿದರೆ ಹಸು ಮುಂದಕ್ಕೆ ನಡೆಯಿತು, ಒಂದು ಹೆಜ್ಜೆ ಮುಂದಕ್ಕೆ ಬಂದರೆ ನಿಂತಿತು. ಹಸು ತಲೆ ಎತ್ತಿ ಕಿವಿ ನಿಮಿರಿಸಿದ ಕೂಡಲೇ ಅವರು ದೂರ ಸರಿದು ಬೇರೆಲ್ಲೋ ನೋಡುತ್ತಿದ್ದರು, ಕಿವಿ ಇಳಿದ ಮೇಲೆ ಮತ್ತೆ ಹತ್ತಿರವಾಗುತ್ತಿದ್ದರು. ಪುಸ್ತಕದಲ್ಲಿ ಭುಜದ ಸಮತೋಲನ ಬಿಂದು ಎಂದು ಗೆರೆ ಎಳೆದು ತೋರಿಸಿದ್ದನ್ನು ನಾನು ಓದಿದ್ದೆ, ಅದು ಒಬ್ಬರ ಕಾಲಿನಲ್ಲಿ ನಡೆಯುವುದನ್ನು ಅಂದು ನೋಡಿದೆ.

ನಾಲ್ಕೈದು ದನಗಳನ್ನು ಒಟ್ಟಿಗೆ ಓಣಿಗೆ ಬಿಟ್ಟು, ಮುಂದೆಯೂ ಹಿಂದೆಯೂ ಬೊಂಬಿನ ಗಳವನ್ನು ಅಡ್ಡ ಸರಿಸಿ, ಬೊಂಬಿನ ಸಂದಿಯಿಂದ ಕುತ್ತಿಗೆಗೆ ಲಸಿಕೆ ಚುಚ್ಚಿದೆವು. ಗಳವನ್ನು ದನದ ಕೆಳಹೊಟ್ಟೆಗಿಂತ ಮೇಲೆಯೇ ಇಡಬೇಕು, ಹಿಡಿದವನ ಮುಖ ಅದರ ಹಿಂದೆ ಇರಬಾರದು. ನೂಕಿದಾಗ ಅದು ಸಿಡಿಯುತ್ತದೆ. ಬಿಸಿಲೇರುವ ಮೊದಲು ಇಡೀ ಹಿಂಡು ಮುಗಿಯಿತು, ಒಂದು ಬೊಂಬೂ ಮುರಿಯಲಿಲ್ಲ.

ಕೊನೆಯ ಗುಂಪು ಓಣಿಯಲ್ಲಿದ್ದಾಗ ನನ್ನ ಸಹಾಯಕ ಗಳ ಎಳೆಯಲು ಹೋದ. ಕಿಲಾರಿ ಬೇಡವೆಂದು ಕೈ ಅಡ್ಡ ಮಾಡಿದರು. ದನಗಳ ಉಸಿರು ಇಳಿದು, ಮುಂದಿನ ಹಸು ಮೂಗು ಚಾಚಿ ಗೋಣಿತಟ್ಟನ್ನು ಮೂಸುವವರೆಗೆ ಕಾದರು. ಹೆದರಿಕೆಯಲ್ಲಿ ಬಿಟ್ಟರೆ ಓಡುತ್ತವೆ, ಮುಂದಿನ ಸಲ ಓಣಿಗೆ ಬರುವುದಿಲ್ಲ ಎಂದರು. ಆಮೇಲೆ ತಾವೇ ಗಳ ಸರಿಸಿದರು. ಅವು ಒಂದರ ಹಿಂದೆ ಒಂದು ನಡೆದುಕೊಂಡೇ ಹೊರಗೆ ಹೋಗಿ ಹುಲ್ಲುಗಾವಲಿನ ಕಡೆ ತಿರುಗಿದವು. ಈಗ ಕೆಡವಿದ ಎತ್ತಿಗೂ ನಾನು ಹಾಗೆಯೇ ಮಾಡುತ್ತೇನೆ. ಕಾಲಿನ ಹಗ್ಗ ಮೊದಲು, ಮೈಯ ಹಗ್ಗ ಆಮೇಲೆ, ತಲೆ ಎಲ್ಲಕ್ಕಿಂತ ಕೊನೆಗೆ. ತಲೆ ಬಿಡುವ ಮುನ್ನ ಎದೆಯ ಮೇಲೆ ಕೂರಿಸಿ, ಕೆಳಗಿದ್ದ ಮುಂಗಾಲನ್ನು ಅಂಗೈಯಲ್ಲಿ ನೀವಿ, ಗೊರಸನ್ನು ಹಿಡಿದು ಮಡಚಿ ಚಾಚಿ ನೋಡುತ್ತೇನೆ. ಅದು ತಾನಾಗಿ ಕಾಲನ್ನು ಹಿಂದಕ್ಕೆ ಎಳೆದುಕೊಂಡಾಗ ಯಜಮಾನರಿಗೆ ತಲೆ ಬಿಡಲು ಹೇಳುತ್ತೇನೆ.